ಹುರಿದ ರಾಗಿಯ ಪೈರು

ಸುನಿಲನಿಗೆ ಮಾತು ಕಡಿಮೆ ಎನ್ನುವುದು, ಕಾವೇರಿಯಲ್ಲಿ ಒಂದಿಷ್ಟು ನೀರಿದೆ ಎಂದ ಹಾಗೆ. ಕಾಲೇಜೊಂದರ ಲೈಬ್ರರಿಯಲ್ಲಿ ಅವನಿಗೆ ಕೆಲಸ. ಹುಡುಗರು ಗಲಾಟೆ ಮಾಡಿದರೆ ಗೋಡೆಯ ಮೇಲಿನ ‘ನಿಶ್ಶಬ್ದ’ ಎಂಬ ಬೋರ್ಡನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಕುಂಬಾರಕೊಪ್ಪಲಿನ ಅವರ ಮನೆಯಲ್ಲಿ ಇದರ ಕೊರತೆ ಯಾರಿಗೂ ಕಂಡಿರಲಿಲ್ಲ. ಅವನ ಪಾಲಿನ ಮಾತನ್ನೂ ತಾಯಿ ಲೂರ್ದಮ್ಮನೇ ಆಡಿ ಮುಗಿಸುತ್ತಿದ್ದಳು.

ತೊಂದರೆ ಏನೆಂದರೆ, ಸುಮ್ಮನಿದ್ದವನು ಒಪ್ಪಿಕೊಂಡ ಎಂದೇ ಲೋಕ ತಿಳಿಯುತ್ತದೆ. ಡಿಸೆಂಬರಿನ ಮೊದಲ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಸ್ವಯಂಸೇವಕರ ಸಭೆಯಲ್ಲಿ ಆದದ್ದೂ ಅದೇ. ಕ್ರಿಸ್‌ಮಸ್ ಬಂತೆಂದರೆ ಅಲ್ಲಿ ಗೋದಲಿ ಕಟ್ಟುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆ, ಸುತ್ತ ಗುಡ್ಡ, ಗುಡ್ಡದ ಮೇಲೆ ಕುರಿ, ಕುರುಬರು. ಗುಡ್ಡವೂ ಕೊಟ್ಟಿಗೆಯ ನೆಲವೂ ಹಸಿರಾಗಿ ಕಾಣಬೇಕಲ್ಲ, ಅದಕ್ಕೆ ತಟ್ಟೆಗಳಲ್ಲಿ ಮಣ್ಣು ತುಂಬಿ, ರಾಗಿ ಚೆಲ್ಲಿ, ಹನ್ನೆರಡು ದಿನದಲ್ಲಿ ಬೆರಳುದ್ದದ ಪೈರು ಬೆಳೆಸುತ್ತಾರೆ. ಇಪ್ಪತ್ತೆರಡು ವರ್ಷ ಆ ಪೈರು ಬೆಳೆಸಿದವರು ಸಗಾಯಮ್ಮ. ಈ ವರ್ಷ ಅವರ ಎರಡೂ ಮಂಡಿಗೆ ಆಪರೇಷನ್ ಆಗಿತ್ತು.

“ನನ್ ಕೈಲಿ ಬಗ್ಗೋಕಾಗಲ್ಲ. ಯಾರಾದ್ರೂ ಜವಾಬ್ದಾರಿ ಇರೋರು ವಹಿಸ್ಕೊಳ್ಳಿ,” ಎಂದರು ಸಗಾಯಮ್ಮ.

ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬರಿಗೆ ಕ್ಯಾರಲ್ ಹಾಡುವುದಿತ್ತು, ಒಬ್ಬರಿಗೆ ಕೇಕ್ ಹಂಚುವುದಿತ್ತು, ಒಬ್ಬರ ಮನೆಗೆ ಬಿಸಿಲೇ ಬರುತ್ತಿರಲಿಲ್ಲ. ಸುನಿಲ ಮಾತ್ರ ಸುಮ್ಮನಿದ್ದ.

“ಹಂಗಾದ್ರೆ ಸುನಿಲ್ ಮಾಡ್ತಾನೆ,” ಎಂದರು ಫಾದರ್ ಇನ್ನಾಸಪ್ಪ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಗಾಯಮ್ಮ ಅವನನ್ನು ಪಕ್ಕಕ್ಕೆ ಕರೆದು, ಮಗಳನ್ನು ಧಾರೆ ಎರೆದು ಕೊಡುವ ತಾಯಿಯ ಮುಖ ಮಾಡಿಕೊಂಡು ಹೇಳಿದರು: “ಮೂರು ದಿನ ಒದ್ದೆ ಬಟ್ಟೆ ತೆಗೀಬೇಡ. ಎರಡು ಹೊತ್ತು ನೀರು ಚಿಮುಕಿಸು, ಸುರೀಬೇಡ. ಪ್ಲಾಸ್ಟಿಕ್ ಹುಲ್ಲು ಗಿಲ್ಲು ತಂದ್ಯೋ, ನಾನು ಗೋದಲಿ ಕಡೆ ತಲೆ ಹಾಕಲ್ಲ. ಹದಿನೆಂಟು ತಟ್ಟೆ. ನನ್ ಹೆಸರು ಉಳಿಸು ಕಣೋ.”

ಸುನಿಲ ತಲೆ ಆಡಿಸಿದ.

ಹನ್ನೆರಡನೇ ತಾರೀಕು ಮುಂಜಾನೆ ತಾರಸಿಯ ಮೇಲೆ ಹದಿನೆಂಟು ತಟ್ಟೆಗಳನ್ನು ಜೋಡಿಸಿ, ರಾಗಿಗೆಂದು ಅಡುಗೆಮನೆಗೆ ಇಳಿದ. ಅಟ್ಟದ ಮೇಲೆ ಸ್ಟೀಲಿನ ಡಬ್ಬವೊಂದರಲ್ಲಿ ರಾಗಿ ಕಂಡಿತು. ಬಣ್ಣ ಒಂದಿಷ್ಟು ಕಪ್ಪಿತ್ತು. ಅಮ್ಮನನ್ನು ಕೇಳಬಹುದಿತ್ತು. ಕೇಳಿದರೆ ಯಾಕೆ, ಎಷ್ಟು, ಯಾರು ಹೇಳಿದ್ದು, ಸಗಾಯಮ್ಮನ ಮಂಡಿ ಹೇಗಿದೆ, ಆ ಡಾಕ್ಟರು ಯಾವ ಊರಿನವರು ಎಂದು ಮಾತು ಮಧ್ಯಾಹ್ನದವರೆಗೆ ಬೆಳೆಯುತ್ತಿತ್ತು. ಡಬ್ಬವನ್ನು ಸದ್ದಿಲ್ಲದೆ ಇಳಿಸಿ, ರಾಗಿ ಸುರಿದುಕೊಂಡು, ಖಾಲಿ ಡಬ್ಬವನ್ನು ಸ್ವಸ್ಥಾನದಲ್ಲಿಟ್ಟು ಮೇಲೆ ಹೋದ.

ಅಲ್ಲಿಂದ ಅವನಿಗೆ ಬಹಳ ನೆಮ್ಮದಿಯ ದಿನಗಳು. ಬೆಳಿಗ್ಗೆ ಮಂಜು, ಚಾಮುಂಡಿ ಬೆಟ್ಟ ಕಾಣದಷ್ಟು ಮಂಜು; ಕೈಯಲ್ಲಿ ನೀರಿನ ಚೊಂಬು; ಒದ್ದೆ ಬಟ್ಟೆಯ ಕೆಳಗೆ ಸದ್ದಿಲ್ಲದೆ ನಡೆಯುತ್ತಿರುವ ಏನೋ ಒಂದು. ತನ್ನ ಹಾಗೇ ಮಾತಿಲ್ಲದೆ ಕೆಲಸ ಮಾಡುವ ಜೀವಗಳು ಎಂದು ಅವನಿಗೆ ರಾಗಿಯ ಮೇಲೆ ಪ್ರೀತಿಯೇ ಹುಟ್ಟಿತು. ನಾಲ್ಕನೇ ದಿನ ಬಟ್ಟೆ ಸರಿಸಿದ. ಮಣ್ಣು ಹಾಗೇ ಇತ್ತು. ಚಳಿಗೆ ತಡವಾಗಿರಬಹುದು ಅಂದುಕೊಂಡ. ಐದನೇ ದಿನ ತಾರಸಿಯೆಲ್ಲ ಗಂಜಿಯ ವಾಸನೆ ಬಂತು. ಆರನೇ ದಿನ ಇರುವೆಗಳು ಸಾಲುಗಟ್ಟಿ ಬಂದವು.

ಈ ನಡುವೆ ಸಗಾಯಮ್ಮ ಎರಡು ಸಲ ಫೋನು ಮಾಡಿದ್ದರು, ಒಂದು ಸಲ ವಿಡಿಯೋದಲ್ಲಿ. “ಮೊಳಕೆ ಬಂತಾ?” ಎಂದಾಗ ಸುನಿಲ ತಲೆ ಆಡಿಸಿದ್ದ. ಅದು ಹೌದೋ ಅಲ್ಲವೋ ಅವನಿಗೇ ಗೊತ್ತಿರಲಿಲ್ಲ. ಅವರು ಹೌದು ಎಂದು ತಿಳಿದರು.

ಏಳನೇ ದಿನ, ಗುರುವಾರ, ಲೂರ್ದಮ್ಮ ಮಿಲ್ಲಿಗೆ ಹೋಗಲು ಸೀರೆ ಉಟ್ಟು, ಅಟ್ಟದ ಡಬ್ಬ ಇಳಿಸಿ ಮುಚ್ಚಳ ತೆಗೆದಳು.

“ಅಯ್ಯೋ, ಎಲ್ಲೋಯ್ತೋ ರಾಗಿ? ನಿನ್ ತಂಗಿ ಮಗೂಗೆ ಸರಿಹಿಟ್ಟು ಮಾಡ್ಸೋಕೆ ಅಂತ ತೊಳ್ದು, ಒಣಗಿಸಿ, ಹದವಾಗಿ ಹುರಿದಿಟ್ಟಿದ್ನಲ್ಲೋ! ಅವ್ಳು ಬೆಳಗಿಂದ ಮೂರು ಸಲ ಫೋನ್ ಮಾಡವ್ಳೆ. ಇಲಿ ತಿಂದಿದ್ರೆ ಮುಚ್ಚಳ ಹಾಕಿ ಹೋಗತ್ತಾ?”

ಸುನಿಲ ಚಾವಣಿಯ ಕಡೆ ನೋಡಿದ. ಲೂರ್ದಮ್ಮ ಅವನ ಮುಖ ನೋಡಿದಳು, ಚಾವಣಿ ನೋಡಿದಳು, ಸೀರೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದಳು. ಮೇಲಿನಿಂದ ಅವಳ ದನಿ ಎರಡು ಬೀದಿಗೆ ಕೇಳಿಸಿತು.

“ಹುರಿದ ರಾಗಿಗೆ ನೀರು ಹಾಕಿದೀಯಲ್ಲೋ! ಮೂವತ್ನಾಲ್ಕು ವರ್ಷ ಆಯ್ತು, ಡಿಗ್ರಿ ಓದಿದೀಯ. ಒಂದು ಮಾತು ಕೇಳಿದ್ರೆ ನಿನ್ ಬಾಯಲ್ಲಿ ಮುತ್ತು ಉದುರ್ತಿತ್ತಾ?”

ಹೊಸ ರಾಗಿ ಚೆಲ್ಲಬಹುದಿತ್ತು. ಆದರೆ ಇನ್ನು ಆರೇ ದಿನ. ಈ ಚಳಿಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬಿಳೀ ಮೊಳಕೆ ಕಂಡರೆ ಹೆಚ್ಚು. ಸಗಾಯಮ್ಮನಿಗೆ ಹೇಳಲೇಬೇಕಿತ್ತು. ಮೂರು ಸಲ ಫೋನು ಕೈಗೆತ್ತಿಕೊಂಡು, ಮೂರು ಸಲವೂ ಗಂಟೆ ನೋಡಿ ಕೆಳಗಿಟ್ಟ.

ಶನಿವಾರ ಸಂಜೆ ಚರ್ಚಿನಲ್ಲಿ ಪಾಪನಿವೇದನೆ. ಆ ಮರದ ಗೂಡು ಸುನಿಲನಿಗೆ ಇಷ್ಟ. ಒಳಗೆ ಕತ್ತಲು, ನಡುವೆ ಜಾಲರಿ, ಯಾರೂ ಮುಖ ನೋಡುವುದಿಲ್ಲ. ವರ್ಷದಲ್ಲಿ ಅವನು ಆಡುವ ಉದ್ದನೆಯ ವಾಕ್ಯಗಳೆಲ್ಲ ಅಲ್ಲೇ ಖರ್ಚಾಗುತ್ತಿದ್ದವು.

“ಫಾದರ್, ಸುಳ್ಳು ಹೇಳಿದೀನಿ. ಬಾಯಲ್ಲಿ ಅಲ್ಲ. ತಲೆ ಆಡಿಸಿ.”

“ಏನಂತ?”

“ಪೈರು ಬಂದಿದೆ ಅಂತ. ಬಂದಿಲ್ಲ, ಬರೋದೂ ಇಲ್ಲ. ಹುರಿದ ರಾಗಿ.”

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. “ಎಲ್ಲಾನೂ?”

“ಹದಿನೆಂಟೂ, ಫಾದರ್.”

ಫಾದರ್ ನಿಟ್ಟುಸಿರಿಟ್ಟು, ಪ್ರಾಯಶ್ಚಿತ್ತಕ್ಕೆ ‘ನಮೋ ಮರಿಯ’ ಜಪವನ್ನು ಮೂರು ಸಲ ಹೇಳಲು ಹೇಳಿ, “ಸಗಾಯಮ್ಮನಿಗೆ ನೀನೇ ನಿಜ ಹೇಳು,” ಎಂದರು.

ಸುನಿಲ ಹತ್ತಿಯ ಹಾಗೆ ಹಗುರಾಗಿ ಮನೆಗೆ ಬಂದ. ಫಾದರಿಗೆ ಗೊತ್ತಾಯಿತಲ್ಲ, ಹೇಗೋ ನಾಜೂಕಾಗಿ ಅವರೇ ದಾಟಿಸುತ್ತಾರೆ ಎಂಬುದು ಅವನ ಲೆಕ್ಕ. ಊಟಕ್ಕೆ ಕೂತಾಗ ತಾಯಿಗೆ ಇಷ್ಟೇ ಹೇಳಿದ: “ಫಾದರ್‌ಗೆ ಹೇಳ್ದೆ.”

“ಎಲ್ಲಿ ಹೇಳ್ದೆ?”

“ಪಾಪನಿವೇದನೇಲಿ.”

ಲೂರ್ದಮ್ಮ ಸೌಟು ಕೆಳಗಿಟ್ಟಳು. “ಅಲ್ಲಿ ಹೇಳಿದ್ದನ್ನ ತಲೆ ಹೋದ್ರೂ ಅವರು ಹೊರಗೆ ಆಡಂಗಿಲ್ಲ ಕಣೋ ದಡ್ಡ! ಗೊತ್ತಿದೆ ಅಂತ ತೋರಿಸ್ಕೊಳ್ಳೋ ಹಾಗೂ ಇಲ್ಲ. ಜಗತ್ತಿನಲ್ಲಿ ಸಹಾಯ ಮಾಡೋಕೆ ಆಗ್ದೇ ಇರೋ ಒಬ್ಬನೇ ಒಬ್ಬ ಮನುಷ್ಯನ್ನ ಹುಡುಕಿ ಹೇಳಿ ಬಂದ್ಬುಟ್ಟಿದೀಯ.”

ಮಾರನೇ ದಿನ ಭಾನುವಾರ, ಪೂಜೆ ಮುಗಿದ ಮೇಲೆ ಮತ್ತೆ ಸಭೆ. ಸಗಾಯಮ್ಮ ಕೋಲೂರಿಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂತರು. “ಸ್ವಾಮಿಯೋರೆ, ಸಂಜೆ ಗೋದಲಿ ಕಟ್ಟೋಕೆ ಶುರು ಮಾಡಣ. ಪೈರು ಎಷ್ಟುದ್ದ ಬಂದಿದೆ ಅಂತ ನೀವೇ ಕೇಳಿ, ನಂಗಂತೂ ಈ ಮಹಾರಾಯ ಬಾಯಿ ಬಿಡಲ್ಲ.”

ಫಾದರ್ ಇನ್ನಾಸಪ್ಪ ಫ್ಯಾನು ನೋಡಿದರು, ತಿರುಗದೇ ನಿಂತಿದ್ದ ಫ್ಯಾನನ್ನು. “ಸುನಿಲ್,” ಎಂದರು ಕೊನೆಗೆ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದವರ ಹಾಗೆ, “ಪೈರು... ಹೇಗಿದೆಯಪ್ಪ?”

ಇಪ್ಪತ್ತು ಜನ ತಿರುಗಿ ನೋಡಿದರು. ಸುನಿಲನ ತಲೆ ತನ್ನಷ್ಟಕ್ಕೆ ತಾನೇ ಆಡಿತು. ನಿನ್ನೆ ಕಳೆದುಕೊಂಡ ಪಾಪವನ್ನು ಅದೇ ಫಾದರ್ ಎದುರಿಗೇ ಇನ್ನೊಮ್ಮೆ ಮಾಡಿದ್ದ. ಫಾದರ್ ಕಣ್ಣು ಮುಚ್ಚಿ, “ದೇವರ ಚಿತ್ತ,” ಎಂದರು.

ಗೇಟಿನ ಹತ್ತಿರ ಗೆಳೆಯರಿಬ್ಬರು ತಮ್ಮ ತಮ್ಮ ಬೈಕಿನ ಮೇಲೆ ಕಾಯುತ್ತಿದ್ದರು. ಪ್ರತಿ ಚಳಿಗಾಲ ಒಂದು ಭಾನುವಾರ ಮೂವರೂ ಎಲ್ಲಿಗಾದರೂ ಹೋಗಿ ಸಂಜೆಯೊಳಗೆ ಬರುವುದು ಶಾಲೆಯ ಕಾಲದಿಂದ ನಡೆದು ಬಂದದ್ದು. ಎಲ್ಲಿಗೆ ಎಂದು ಬ್ಯಾಂಕಿನ ವಿಶ್ರುತನೂ ಹಾರ್ಡ್‌ವೇರ್ ಅಂಗಡಿಯ ದಿಲೀಪನೂ ಜಗಳವಾಡುವುದು, ಸುನಿಲ ಯಾರು ಗೆದ್ದರೋ ಅವರ ಹಿಂದೆ ಹೋಗುವುದು ವಾಡಿಕೆ.

“ಕೆರೆ ಹತ್ರ ಹೋಗಣ, ಹಕ್ಕಿ ಬಂದಿವೆಯಂತೆ,” ಎಂದ ವಿಶ್ರುತ.

“ಹಕ್ಕಿ ನೋಡಿದ್ರೆ ಹೊಟ್ಟೆ ತುಂಬತ್ತೇನೋ? ಮಿಲಿಟ್ರಿ ಹೋಟ್ಲು!”

“ಹಸಿರು ಇರೋ ಕಡೆ ಹೋಗಣ,” ಎಂದ ಸುನಿಲ.

ಇಬ್ಬರೂ ಇಂಜಿನ್ ಆರಿಸಿದರು. “ಏನಾಯ್ತೋ? ಮೈಗೆ ಹುಷಾರಿದೆ ತಾನೆ?” ಎಂದು ದಿಲೀಪ ಅವನ ಹಣೆ ಮುಟ್ಟಿ ನೋಡಿದ. ಸುನಿಲ ತುಂಡು ತುಂಡಾಗಿ ಎಲ್ಲ ಹೇಳಿದ. ಮರುಗುವುದಕ್ಕೆ ಮೊದಲು ಅವರು ಐದು ನಿಮಿಷ ನಕ್ಕರು. ನಕ್ಕು ಮುಗಿದ ಮೇಲೆ ದಿಲೀಪನಿಗೆ ಕಡಕೊಳದ ಆಚೆಯ ತನ್ನ ದೊಡ್ಡಪ್ಪ ನಿಂಗಯ್ಯ ನೆನಪಾದ. ಬೋರ್‌ವೆಲ್ ನೀರಿನಲ್ಲಿ ಈಗಾಗಲೇ ಭತ್ತದ ಒಟ್ಲು, ಅಂದರೆ ಸಸಿಮಡಿ, ಹಾಕಿದ್ದಾನಂತೆ. ಒಂದು ಮೂಲೆಯಷ್ಟು ಸಸಿ ಕೇಳಿದರೆ ಕೊಡದೆ ಇರುತ್ತಾನೆಯೇ?

ನಿಂಗಯ್ಯ ಮೂವರಿಗೂ ಮೊದಲು ಊಟ ಹಾಕಿಸಿದ. ಹಿತಕವರೆ ಸಾರು, ಮುದ್ದೆ. ಎಲೆಯ ಮೇಲೆ ಕೂತ ರಾಗಿ ಮುದ್ದೆ ತನ್ನನ್ನೇ ನೋಡುತ್ತಿದೆ ಎಂದು ಸುನಿಲನಿಗೆ ಅನಿಸಿತು. ಊಟವಾದ ಮೇಲೆ ದಿಲೀಪ ವಿಷಯ ತೆಗೆದ. ನಿಂಗಯ್ಯ ಅವನನ್ನು ಬಿಟ್ಟು ಸುನಿಲನನ್ನೇ ಕೇಳಿದ.

“ಎಲ್ಲಪ್ಪ ಹುಟ್ಟಿದ್ದು ನಿಮ್ ದ್ಯಾವ್ರು?”

“ಕೊಟ್ಟಿಗೇಲಿ.”

“ಯಾವ ಕಾಲ?”

“ಚಳಿಗಾಲ. ರಾತ್ರಿ.”

“ಬಾಣಂತಿ ಎಲ್ಲಿ ಮನಗಿದ್ಲು?”

“ಅಲ್ಲೇ.”

ನಿಂಗಯ್ಯ ಎಲೆಯಡಿಕೆಯನ್ನು ಕೆನ್ನೆಯ ಆ ಕಡೆಯಿಂದ ಈ ಕಡೆಗೆ ತಳ್ಳಿದ. “ಅಲ್ಲ ಕಣಪ್ಪ, ಚಳಿಗಾಲ್ದಲ್ಲಿ, ಕೊಟ್ಟಿಗೇಲಿ, ಹಸಿ ಬಾಣಂತಿ ಪಕ್ಕ, ಆಗ್ ಹುಟ್ಟಿದ್ ಕೂಸ್ನ ಹಸಿ ಪೈರಿನ್ ಮ್ಯಾಲೆ ಮನಗಿಸ್ತೀರಾ? ಸೀತ ಆಗಕ್ಕಿಲ್ವಾ? ಅಂಗೂ ಕೊಟ್ಟಿಗೇಲಿ ಹಸಿರು ಮಡಗಿದ್ರೆ ದನ ಬುಟ್ಟಾವಾ? ಒಣಹುಲ್ಲು ಹಾಸ್ಬೇಕು. ಬೆಚ್ಚಗಿರ್ತದೆ. ಎಷ್ಟು ವರ್ಸದಿಂದ ಹಿಂಗೆ ಮಾಡ್ತಾವ್ರೆ ನಿಮ್ಮೋರು?”

“ಇಪ್ಪತ್ತೆರಡು ವರ್ಷ ಸಗಾಯಮ್ಮನೋರು.”

“ಅವ್ರಿಗೆ ಮಕ್ಳು ಮರಿ ಅವ್ರಾ?”

“ಇಲ್ಲ.”

“ಅದುಕ್ಕೇಯ,” ಎಂದು ನಿಂಗಯ್ಯ ಎದ್ದು ಹುಲ್ಲಿನ ಮೆದೆಯ ಕಡೆ ನಡೆದ. ಒಟ್ಲಿನಿಂದ ಒಂದು ಕಡ್ಡಿಯನ್ನೂ ಕೊಡಲಿಲ್ಲ. ಹೊಸದಾಗಿ ಬಡಿದ ರಾಗಿಯ ಹುಲ್ಲು, ಬಿಸಿಲಿನ ಬಣ್ಣದ್ದು, ನಾಲ್ಕು ದೊಡ್ಡ ಕಂತೆ ಕಟ್ಟಿ ಕೊಟ್ಟ. “ರಾಗಿ ತಾನೇ ಬೇಕಿದ್ದದ್ದು? ತಗೋ.”

ವಾಪಸು ಬರುವಾಗ ನಂಜನಗೂಡು ರಸ್ತೆಯ ಸಿಗ್ನಲ್ಲಿನಲ್ಲಿ ಬೀದಿ ಹಸುವೊಂದು ಬಂದು ಸುನಿಲನ ಬೆನ್ನ ಹಿಂದಿನ ಕಂತೆಗೆ ಬಾಯಿ ಹಾಕಿತು. ಹಸಿರು ದೀಪ ಬೀಳುವವರೆಗೆ ನೆಮ್ಮದಿಯಾಗಿ ಮೇಯಿತು.

“ಓಡಿಸೋ!” ಎಂದು ವಿಶ್ರುತ ಕೂಗಿದ.

“ಬಿಡೋ, ಗೋದಲಿಗೆ ಮೊದಲ ಭಕ್ತ ಬಂತು,” ಎಂದ ದಿಲೀಪ.

ಸಂಜೆ ಐದಕ್ಕೆ ಚರ್ಚಿನೊಳಗೆ ಬಿದಿರಿನ ಹಂದರ ಎದ್ದಿತ್ತು. ಸಗಾಯಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೋಲಿನಿಂದಲೇ ಗುಡ್ಡಗಳನ್ನು ಎಬ್ಬಿಸುತ್ತಿದ್ದರು. ಸುನಿಲ ಕಂತೆಗಳನ್ನು ಅವರ ಕಾಲ ಬಳಿ ಇಳಿಸಿದ. ಗೆಳೆಯರಿಬ್ಬರೂ ಬಾಗಿಲ ಹೊರಗೇ ಉಳಿದರು.

“ಇದೇನೋ ಇದು? ಪೈರೆಲ್ಲಿ?”

ಅವನ ತಲೆ ಆಡಲು ಹೊರಟಿತು. ಸುನಿಲ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡ. ನೋಡುವವರಿಗೆ ತಲೆನೋವು ಬಂದವನ ಹಾಗೆ ಕಂಡಿತು.

“ಪೈರಿಲ್ಲ, ಸಗಾಯಮ್ಮನೋರೆ. ಬರ್ಲೇ ಇಲ್ಲ. ಅಮ್ಮ ಮಗೂಗೆ ಅಂತ ಹುರಿದಿಟ್ಟಿದ್ದ ರಾಗಿ ಹಾಕ್ಬುಟ್ಟೆ. ನೀವು ಕೇಳಿದಾಗೆಲ್ಲ ತಲೆ ಆಡಿಸಿದ್ದು ಸುಳ್ಳು. ನಿಮ್ ಹೆಸರು ಉಳಿಸ್ಲಿಲ್ಲ.”

ಮುಗಿಯಿತು. ಹಂದರದ ಮೇಲಿದ್ದವರು ಸುತ್ತಿಗೆ ನಿಲ್ಲಿಸಿದರು. ಸಗಾಯಮ್ಮ ಮಾತಾಡಲಿಲ್ಲ. ಮೌನವೆಂದರೆ ನೆರಳಿನ ಹಾಗೆ ತಂಪಾದದ್ದು ಎಂದು ತಿಳಿದಿದ್ದ ಸುನಿಲನಿಗೆ, ಇನ್ನೊಬ್ಬರ ಮೌನದ ಎದುರು ನಿಲ್ಲುವುದು ಎಂಥದ್ದು ಎಂದು ಆಗ ಗೊತ್ತಾಯಿತು. ತಾನು ಎಷ್ಟು ಜನರನ್ನು ಹೀಗೆ ನಿಲ್ಲಿಸಿದ್ದೇನೋ ಎಂದೂ ಅನಿಸಿತು.

“ಎಷ್ಟು ದಿನ ನೀರು ಹಾಕ್ದೆ?” ಎಂದರು ಸಗಾಯಮ್ಮ.

“ಏಳು ದಿನ. ಎರಡು ಹೊತ್ತು.”

“ಚಿಮುಕಿಸಿದ್ಯಾ, ಸುರಿದ್ಯಾ?”

“ಚಿಮುಕಿಸಿದೆ.”

ಸಗಾಯಮ್ಮನ ಭುಜ ಅಲುಗಿತು. ಅಳುತ್ತಿದ್ದಾರೆಂದು ಸುನಿಲ ಹತ್ತಿರ ಬಗ್ಗಿದ. ಅವರು ಸೆರಗು ಬಾಯಿಗೆ ಒತ್ತಿಕೊಂಡು, ಮಂಡಿ ಹಿಡಿದುಕೊಂಡು, ಕುರ್ಚಿ ಸಮೇತ ನಗುತ್ತಿದ್ದರು.

“ಹತ್ತು ದಿನದಿಂದ ದಿನಾ ಜಪ ಮಾಡ್ತಿದ್ದೆ ಕಣೋ,” ಎಂದರು ಉಸಿರು ಸಿಕ್ಕಾಗ, ತಗ್ಗಿದ ದನಿಯಲ್ಲಿ. “ಇವನ ಪೈರು ನನ್ನದಕ್ಕಿಂತ ಚೆಂದ ಬರೋದು ಬೇಡ ಸ್ವಾಮಿ, ಒಂದು ಚೂರು ಕಮ್ಮಿ ಇರ್ಲಿ ಅಂತ. ಇಷ್ಟೊಂದು ನಾನು ಕೇಳಿರ್ಲಿಲ್ಲ!”

ಆಗ ಫಾದರ್ ಇನ್ನಾಸಪ್ಪ ಒಳಗೆ ಬಂದರು. ಹುಲ್ಲು ಕಂಡರು, ಸುನಿಲನ ಮುಖ ಕಂಡರು. ಸಗಾಯಮ್ಮ ಸುದ್ದಿ ಹೇಳಿದಾಗ ಎರಡೂ ಕೈ ಎತ್ತಿ, “ಹೌದಾ! ಅಯ್ಯಯ್ಯೋ! ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ!” ಎಂದು ಕೂಗಿದರು. ಅಷ್ಟು ಕೆಟ್ಟ ನಟನೆಯನ್ನು ಆ ಚರ್ಚು ಸಂಡೇ ಸ್ಕೂಲಿನ ನಾಟಕದಲ್ಲೂ ಕಂಡಿರಲಿಲ್ಲ. ನಿನ್ನೆಯಿಂದ ಹೊತ್ತ ಭಾರ ಇಳಿದ ಖುಷಿಗೆ ತಾವೇ ಒಂದು ಕಂತೆ ಬಿಚ್ಚಿ ಹಾಸತೊಡಗಿದರು.

ಶಿಕ್ಷೆಯನ್ನು ಸಗಾಯಮ್ಮ ವಿಧಿಸಿದರು. ಅದರ ಮುಂದೆ ಫಾದರ್ ಕೊಟ್ಟ ಮೂರು ನಮೋ ಮರಿಯ ಏನೇನೂ ಅಲ್ಲ. ಕ್ರಿಸ್‌ಮಸ್ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಸುನಿಲ ಗೋದಲಿಯ ಪಕ್ಕದಲ್ಲೇ ನಿಲ್ಲಬೇಕು. ಪೈರೆಲ್ಲಿ ಎಂದು ಕೇಳಿದ ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳಬೇಕು. ತಲೆ ಆಡಿಸುವಂತಿಲ್ಲ.

ಮುನ್ನೂರು ಮನೆಯವರೂ ಕೇಳಿದರು. ಮೊದಲ ಹತ್ತು ಜನಕ್ಕೆ “ಹುರಿದ ರಾಗಿ” ಎಂದಷ್ಟೇ ಹೇಳಿದ. ಅವರು ಬಿಡಲಿಲ್ಲ, ಯಾರು ಹುರಿದದ್ದು, ಯಾಕೆ ಹುರಿದದ್ದು ಎಂದು ಕೆದಕಿದರು. ಮೂವತ್ತನೆಯವರ ಹೊತ್ತಿಗೆ ಕಥೆಯೊಳಗೆ ಇರುವೆಗಳು ಬಂದವು, ಐವತ್ತರ ಹೊತ್ತಿಗೆ ನಿಂಗಯ್ಯನ ಎಲೆಯಡಿಕೆ ಬಂತು. ಕೇಕ್ ತಿನ್ನಲು ಬಂದಿದ್ದ ದಿಲೀಪ, ವಿಶ್ರುತ ಇಬ್ಬರೂ ಗುಂಪಿನಲ್ಲಿ ನಿಂತು, ತಮ್ಮ ಕಥೆಯನ್ನೇ ಹೊಸದೆಂಬಂತೆ ಕೇಳಿದರು. ಲೂರ್ದಮ್ಮ ಮೊಮ್ಮಗುವನ್ನು ಎತ್ತಿಕೊಂಡು ಬಂದು, ನಡುವೆ ಒಂದು ಮಾತು ಸೇರಿಸಲು ಎರಡು ಸಲ ಬಾಯಿ ತೆರೆದಳು. ಜಾಗ ಸಿಗಲಿಲ್ಲ.

“ಇಪ್ಪತ್ನಾಲ್ಕು ತಟ್ಟೆ ಅನ್ನೋ,” ಎಂದು ಕುರ್ಚಿಯಿಂದ ಸಗಾಯಮ್ಮ ಪಿಸುಗುಟ್ಟಿದರು, “ಕೇಳೋರಿಗೆ ಚೆನ್ನಾಗಿರತ್ತೆ.”

“ಹದಿನೆಂಟೇ,” ಎಂದ ಸುನಿಲ ಗಟ್ಟಿಯಾಗಿ, ಮುಂದೆ ನಿಂತಿದ್ದ ಸಂಸಾರದ ಕಡೆ ತಿರುಗಿ. “ಹದಿನೆಂಟು ತಟ್ಟೆ. ಕೇಳಿ, ಮೊದಲಿಂದ ಹೇಳ್ತೀನಿ.”