ಹೊಳೆಮನೆಯಿಂದ ಮರಳಿ ಬಂದ ಕಂಪ್ಯೂಟರ್

ಕೋಲಿನ್ ಎಂಬ ಊರಿನವರು ಯಾವುದನ್ನೂ ಎಸೆಯುವುದಿಲ್ಲ. ಕುಂಟುವ ಕುರ್ಚಿ, ಬಾಗಿಲು ಕೂಡದ ಬೀರು, ಹಿಡಿ ಸುಟ್ಟ ಬಾಣಲೆ, ಅತ್ತೆ ಕೊಟ್ಟ ಪರದೆ ಎಲ್ಲವೂ ಹೊಳೆಮನೆಗೆ ಹೋಗುತ್ತವೆ. ಹೊಳೆಮನೆ ಎಂದರೆ ಸಾಜಾವಾ ನದಿಯ ದಂಡೆಯಲ್ಲಿ, ಕಾಡಿನ ಅಂಚಿಗೆ ಒಂದೊಂದು ಕುಟುಂಬವೂ ರಜೆಗೆಂದು ಕಟ್ಟಿಕೊಂಡ ಪುಟ್ಟ ಮರದ ಮನೆ. ಜನ ಶುಕ್ರವಾರ ಸಂಜೆ ಹೋಗುತ್ತಾರೆ, ಭಾನುವಾರ ಸಂಜೆ ಬರುತ್ತಾರೆ. ಹೋದ ಸಾಮಾನು ಮಾತ್ರ ಮರಳಿ ಬಂದದ್ದಿಲ್ಲ.

ಹಾಗಾಗಿ ಓತಕರ್ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದ ದಿನವೇ ಹಳೆಯ ಕಂಪ್ಯೂಟರಿನ ಹಣೆಬರಹ ತೀರ್ಮಾನವಾಗಿತ್ತು. ಅದಕ್ಕೆ ಹಗ್ಗ ಸುತ್ತಿ ಬಾಗಿಲ ಬಳಿ ಇಟ್ಟ. ಓತಕರ್ ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಕಂಡರೆ ಅವನಿಗೆ ಮೈಯೆಲ್ಲ ಉರಿ. ಹೆಂಡತಿ ಲೀದಾ ಒಳಗಿರುವಾಗಲೇ ಬಚ್ಚಲಮನೆಯ ದೀಪ ಆರಿಸಿ ಬೈಸಿಕೊಂಡದ್ದೂ ಉಂಟು.

"ಅದನ್ನ ಕಟ್ಬೇಡ ಓತಾ," ಎಂದಳು ಲೀದಾ. "ಅದಕ್ಕೊಂದು ಕೆಲಸ ನೋಡಿದೀನಿ."

"ಕಂಪ್ಯೂಟರ್‌ಗೆ ಕೆಲಸ? ನನಗೇ ಪಿಂಚಣಿ ಬಂತು, ಅದಕ್ಕೂ ಬರಲಿ ಬಿಡು."

ಲೀದಾಳ ಕೈ ನಡುಗಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ಪಾರ್ಕಿನ್ಸನ್ ಕಾಯಿಲೆ ಎಂದಿದ್ದರು ವೈದ್ಯರು. ಈಸ್ಟರ್ ಹಬ್ಬಕ್ಕೆ ಗುಂಡುಸೂಜಿಯ ತಲೆಯನ್ನು ಕರಗಿದ ಮೇಣದಲ್ಲಿ ಅದ್ದಿ ಮೊಟ್ಟೆಯ ಮೇಲೆ ಚಿತ್ತಾರ ಬರೆಯುವುದರಲ್ಲಿ ಅವಳನ್ನು ಮೀರಿಸುವವರು ಅವರಿದ್ದ ಬಹುಮಹಡಿ ಕಟ್ಟಡದಲ್ಲಿ ಇರಲಿಲ್ಲ. ಈ ವರ್ಷ ಸೂಜಿ ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. "ನನ್ನ ಕೈಲಿ ಇನ್ನೇನೂ ಆಗಲ್ಲ" ಎಂಬ ಮಾತು ಊಟಕ್ಕೊಮ್ಮೆ ಬರತೊಡಗಿತ್ತು. ಕೇಳಿದಾಗೆಲ್ಲ ಓತಕರ್ ಎದ್ದು ಹೋಗಿ ಯಾವುದೋ ದೀಪ ಆರಿಸುತ್ತಿದ್ದ.

ಕಂಪ್ಯೂಟರಿಗೆ ಕೆಲಸ ಹುಡುಕಿಕೊಟ್ಟವಳು ಮೇಲಿನ ಮನೆಯ ರಾದ್ಕಾ. ಅವಳು ಊರಿನ ಗ್ರಂಥಾಲಯದಲ್ಲಿದ್ದಾಳೆ. ಅಂದು ಸಂಜೆ ಬೂಟು ಹೊರಗೆ ಕಳಚಿ, ಅವರ ಮನೆಯ ಬಟ್ಟೆಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ಬಂದು ಕೂತಳು. ಲೀದಾ ಗಾಜಿನ ಲೋಟಗಳಲ್ಲಿ ಕಾಫಿ ಕೊಟ್ಟಳು.

"ವಿಷಯ ಇಷ್ಟೇ, ಓತಕರ್ ಅವ್ರೆ," ಎಂದಳು ರಾದ್ಕಾ, ಗಸಿ ತಳಕ್ಕಿಳಿಯಲೆಂದು ಕಾಯುತ್ತಾ. "ವಿಜ್ಞಾನಿಗಳ ಹತ್ರ ಬೆಟ್ಟದಷ್ಟು ಲೆಕ್ಕ ಇದೆ. ಒಂದೇ ಕಂಪ್ಯೂಟರ್ ಮಾಡ್ತಾ ಕೂತ್ರೆ ಅದರ ಆಯಸ್ಸು ಸಾಲದು. ಅದಕ್ಕೆ ಚೂರು ಚೂರು ಮಾಡಿ ನಮ್ಮಂಥವರ ಮನೆಗಳಿಗೆ ಕಳಿಸ್ತಾರೆ. ಸುಮ್ನೆ ಕೂತಿರೋ ಕಂಪ್ಯೂಟರ್ ತನ್ನ ಪಾಲಿನ ಚೂರು ಮಾಡಿ ವಾಪಸ್ ಕಳಿಸುತ್ತೆ."

"ಏನಂಥ ಲೆಕ್ಕ ಅದು?"

"ನಮ್ಮ ಮೈಯಲ್ಲಿರೋ ಪ್ರೋಟೀನ್ ಉದ್ದನೆ ದಾರ ಇದ್ದ ಹಾಗೆ. ಸರಿಯಾಗಿ ಮಡಿಚಿಕೊಂಡ್ರೆ ಕೆಲಸ ಮಾಡುತ್ತೆ. ಮಡಿಕೆ ತಪ್ಪಿದ್ರೆ ಮೆದುಳಲ್ಲಿ ಗಂಟು ಗಂಟಾಗಿ ಕೂತ್ಕೊಳ್ಳುತ್ತೆ. ಲೀದಾ ಅವರ ಕಾಯಿಲೆಲೂ ಅಂಥ ಗಂಟು ಕಾಣುತ್ತಂತೆ. ಮಡಿಕೆ ಎಲ್ಲಿ ತಪ್ಪುತ್ತೆ ಅಂತ ಹುಡುಕೋ ಲೆಕ್ಕ ಇದು."

"ಮನೆ ಬಾಗಿಲು ತೆಗೆದಿಟ್ಟು ಯಾರು ಬೇಕಾದ್ರೂ ಬನ್ನಿ ಅಂದ ಹಾಗಾಯ್ತು! ನಮ್ಮ ಫೋಟೋ ಎಲ್ಲ ನೋಡ್ಕೊಂಡು ಹೋಗ್ತಾರೆ."

"ನಿನ್ನ ಫೋಟೋಲಿ ಇರೋದೆಲ್ಲ ಅಣಬೆ," ಎಂದಳು ಲೀದಾ. "ಯಾರು ನೋಡ್ತಾರೆ?"

ರಾದ್ಕಾ ನಗಲಿಲ್ಲ. "ಕೇಳಬೇಕಾದ ಪ್ರಶ್ನೆನೇ. ಸಂಶೋಧನೆ ನಡೆಸೋರ ಸ್ವಂತ ಜಾಲತಾಣದಿಂದಲೇ ಇಳಿಸ್ಕೋಬೇಕು, ಯಾರೋ ಕಳಿಸಿದ ಲಿಂಕ್ ಒತ್ತಬಾರದು. ಈ ಲೆಕ್ಕಕ್ಕೆ ನಿಮ್ಮ ಫೋಟೋ ಬೇಕಾಗಲ್ಲ. ಆದ್ರೂ ಅನುಮಾನ ಇದ್ರೆ, ಹಳೇದರಲ್ಲಿ ಇರೋದನ್ನೆಲ್ಲ ಬೇರೆ ಕಡೆ ಇಟ್ಕೊಂಡು ಅಳಿಸಿಬಿಡಿ."

"ಕರೆಂಟು?"

"ಖರ್ಚಾಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಲ್ಲ. ಅರ್ಧ ಶಕ್ತಿಲಿ ಓಡ್ಸಿದ್ರೆ ಸಾಕು. ಬೇಡ ಅನ್ನಿಸಿದ್ರೆ ಹೊಸ ಲೆಕ್ಕ ತಗೋಬೇಡಿ. ಒಂದು ಮಾತ್ರ ನೆನಪಿರಲಿ, ತಗೊಂಡ ಲೆಕ್ಕಕ್ಕೆ ಗಡುವಿರುತ್ತೆ."

"ಈ ಹಳೇ ಡಬ್ಬ ಏನು ಕಡಿದು ಕಟ್ಟೆ ಹಾಕುತ್ತೆ ಅಂತ!"

"ಒಂದೇ ಆದ್ರೆ ಏನೂ ಇಲ್ಲ. ಹನಿ ಹನಿ ಕೂಡಿದ್ರೆ ತಾನೆ ಹಳ್ಳ?"

ಓತಕರ್ ಇನ್ನೇನೋ ಹೇಳಲಿದ್ದ. ಅಷ್ಟರಲ್ಲಿ ಲೀದಾಳ ಮುಖ ಕಂಡಿತು. ಮೊದಲಿನಂತೆ, ಹಬ್ಬಕ್ಕೆ ಬಣ್ಣ ಕಲಸುವಾಗಿನ ಮುಖ. ಒಪ್ಪಿದ. ಆದರೂ ಹಟ ಪೂರ್ತಿ ಹೋಗಲಿಲ್ಲ. ಹೊಳೆಮನೆಯಲ್ಲೂ ಇಂಟರ್ನೆಟ್ ಇದೆ, ಅಲ್ಲೇ ಓಡಲಿ ಎಂದ.

"ಅಲ್ಲಾದ್ರೆ ವಾರವೆಲ್ಲ ಆನ್ ಇರ್ಬೇಕಾಗುತ್ತೆ," ಎಂದಳು ರಾದ್ಕಾ.

"ಜೀವಮಾನವೆಲ್ಲ ರೈಲಿಗೆ ಕರೆಂಟು ಕೊಟ್ಟವನಿಗೆ ಸ್ವಿಚ್ಚಿನ ಪಾಠ ಹೇಳ್ತೀರಾ?"

ರಾದ್ಕಾ ಲೀದಾಳ ಹೆಸರಿನಲ್ಲಿ ನೋಂದಾಯಿಸಿಕೊಟ್ಟ ಕಂಪ್ಯೂಟರ್ ಶನಿವಾರ ಹೊಳೆಮನೆಯಲ್ಲಿ ಗುಂಯ್ ಎನ್ನುತ್ತಾ ಲೆಕ್ಕ ಶುರುಮಾಡಿತು. ಲೀದಾ ಅಣಬೆ ಆಯುವುದಕ್ಕೂ ಹೋಗದೆ ಅದರೆದುರು ಕೂತು, ಎಷ್ಟು ಮುಗಿಯಿತೆಂದು ಆಗಾಗ ಕೂಗಿ ಹೇಳಿದಳು. ಭಾನುವಾರ ಸಂಜೆ ಅವಳು ಕೇಕಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಓತಕರ್ ಎಂದಿನಂತೆ, ಚಳಿಗೆ ಹೆಪ್ಪುಗಟ್ಟಿ ಒಡೆಯದಿರಲೆಂದು ಕೊಳವೆಯ ನೀರು ಬಸಿದ, ಕಿಟಕಿ ಮುಚ್ಚಿದ, ಬೀಗ ಹಾಕಿದ. ಕಾರು ಹೊರಟಿತು.

ಆ ವಾರ ಲೀದಾ ಬೇರೆಯೇ ಆಗಿದ್ದಳು. ರೊಟ್ಟಿ ಅಂಗಡಿಯಲ್ಲಿ ಹೇಳಿದಳು, ಆಸ್ಪತ್ರೆಯಲ್ಲಿ ತನ್ನಂತೆಯೇ ಕೈ ನಡುಗುವವರ ಸಾಲಿನಲ್ಲಿ ಕೂತು ಹೇಳಿದಳು: "ನಾವು ಇಲ್ಲಿದ್ರೂ ಹೊಳೆಮನೆಲಿ ನಮ್ಮ ಕಂಪ್ಯೂಟರ್ ಕೆಲಸ ಮಾಡ್ತಿದೆ." ವಾರದ ನಡುವೆ ಗಂಡನನ್ನೂ ಎಳೆದುಕೊಂಡು ರಾದ್ಕಾಳ ಮನೆಗೆ ಹತ್ತಿದಳು. ಯಾರ ಲೆಕ್ಕ ಎಷ್ಟಾಯಿತೆಂದು ಅವಳ ಕಂಪ್ಯೂಟರಿನ ಪರದೆಯ ಮೇಲೆ ನೋಡಬಹುದಿತ್ತು.

ಲೀದಾಳ ಹೆಸರಿನ ಮುಂದೆ ಏನೂ ಇರಲಿಲ್ಲ. ರಾದ್ಕಾ ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. "ಭಾನುವಾರ ಸಂಜೆಯಿಂದ ಸುದ್ದಿನೇ ಇಲ್ಲ. ಗಡುವು ಮೀರಿದೆ. ಆ ಲೆಕ್ಕನ ಬೇರೆಯವರಿಗೆ ಕೊಟ್ಟಿದಾರೆ. ಅವರು ಮೊದಲಿಂದ ಮಾಡ್ಬೇಕು."

ಓತಕರ್‌ಗೆ ಆಗ ನೆನಪಾಯಿತು. ನೀರು ಬಸಿದ ಮೇಲೆ, ಬೀಗ ಹಾಕುವ ಮುಂಚೆ, ಕೈ ತಾನಾಗಿ ಗೋಡೆಗೆ ಹೋಗಿತ್ತು. ಟಕ್! ಮೇನ್ ಸ್ವಿಚ್ಚು. ಹೊಳೆಮನೆ ಬಿಡುವಾಗ ಅದನ್ನು ಇಳಿಸದ ಭಾನುವಾರವೇ ಅವನ ಬಾಳಿನಲ್ಲಿ ಇರಲಿಲ್ಲ.

"ನಾನೇ ಆರಿಸಿದೆ," ಎಂದ. "ಅಭ್ಯಾಸಬಲ."

ಲೀದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬಿಡು. ಆಸ್ಪತ್ರೆಲಿ ಎಲ್ಲರಿಗೂ ಹೇಳ್ಕೊಂಡು ಬಂದೆ, ಅಷ್ಟೇ. ನನ್ನ ಕೈಯ ಹಾಗೇ ಅದೂ ನಿಂತುಹೋಯ್ತು," ಎಂದು ಮೆಟ್ಟಿಲು ಇಳಿದಳು.

ಮರುದಿನ ಬೆಳಿಗ್ಗೆ ಓತಕರ್ ಕಾರು ತೆಗೆದ. ಗುರುವಾರ ಹೊಳೆಮನೆಗೆ ಹೋಗುವುದು ಹಬ್ಬವಿಲ್ಲದ ದಿನ ಮೊಟ್ಟೆಗೆ ಬಣ್ಣ ಹಚ್ಚಿದಷ್ಟೇ ವಿಚಿತ್ರ. ಮಧ್ಯಾಹ್ನ ಅವನು ಕಂಪ್ಯೂಟರನ್ನು ಎದೆಗವಚಿಕೊಂಡು ಕಾರಿನಿಂದಿಳಿದಾಗ, ಕಟ್ಟಡದ ಮುಂದಿನ ಬೆಂಚಿನಲ್ಲಿ ಕೂತಿದ್ದ ಮುದುಕರು ಬೆರಗಾದರು.

"ಏನಯ್ಯಾ ಓತಾ, ಹೊಳೆಮನೆಯಿಂದ ವಾಪಸ್ಸಾ? ನಾಳೆ ನಿಮ್ಮತ್ತೆಯ ಪರದೆನೂ ಬರುತ್ತೇನೋ!"

"ನಿನ್ನನ್ನ ಅಲ್ಲಿ ಬಿಟ್ಟು ಬರ್ತೀನಿ, ಲೆಕ್ಕ ಸರಿಹೋಗುತ್ತೆ," ಎಂದು ಓತಕರ್ ನಿಲ್ಲದೆ ಒಳಗೆ ಹೋದ.

ಕಂಪ್ಯೂಟರ್ ಬಿಚ್ಚಿ ಧೂಳು ಕೊಡವಿದ. ಗಾಳಿಯಾಡುವಂತೆ ಗೋಡೆಯಿಂದ ದೂರ ಇಟ್ಟ. ಅರ್ಧ ಶಕ್ತಿಯಲ್ಲಿ ಓಡುವಂತೆ ರಾದ್ಕಾ ಹೊಂದಿಸಿದಳು. ಆಮೇಲೆ ಓತಕರ್ ಬೀರುವಿನ ತಳದಿಂದ ಒಂದು ಕೆಂಪು ಫಲಕ ಹುಡುಕಿ ತಂದ. ತಂತಿಯ ಮೇಲೆ ಜೊತೆಗಾರರು ದುಡಿಯುವಾಗ, ಯಾರೂ ಕರೆಂಟು ಹರಿಸದಿರಲೆಂದು ಸ್ವಿಚ್ಚಿಗೆ ನೇತುಹಾಕುತ್ತಿದ್ದ ರೈಲ್ವೆಯ ಫಲಕ ಅದು: "ಮುಟ್ಟಬೇಡಿ! ಕೆಲಸ ನಡೆಯುತ್ತಿದೆ." ಅದನ್ನು ಕಂಪ್ಯೂಟರಿನ ಸ್ವಿಚ್ಚಿಗೆ ಕಟ್ಟಿದ. ಲೀದಾ ಬಾಗಿಲಲ್ಲಿ ನಿಂತು ನೋಡಿದಳು. ಅಡುಗೆಮನೆಗೆ ಹೋಗಿ, ಸಿಹಿ ಬನ್ನಿಗೆ ಕಲಸಿದ ಹಿಟ್ಟಿನ ಪಾತ್ರೆ ತಂದು ಕಂಪ್ಯೂಟರಿನ ಬಿಸಿಯ ಪಕ್ಕದಲ್ಲಿ ಉಬ್ಬಲು ಇಟ್ಟಳು.

ಮೊದಲ ಲೆಕ್ಕ ಮುಗಿಸಿ ಕಳಿಸಿದ ದಿನ ಮೂವರೂ ಅಂಥದೇ ಬನ್ನು ತಿಂದರು. "ಇದರಿಂದ ನನ್ನ ಕೈ ಸರಿಹೋಗುತ್ತಾ, ರಾದ್ಕಾ?" ಎಂದು ಕೇಳಿದಳು ಲೀದಾ.

ರಾದ್ಕಾ ಕೈಯಲ್ಲಿದ್ದ ಬನ್ನು ತಟ್ಟೆಗಿಟ್ಟಳು. "ಗೊತ್ತಿಲ್ಲ ಲೀದಾ. ನಿಮ್ಮ ಹೊತ್ತಿಗೆ ಔಷಧಿ ಸಿಗದೇ ಇರಬಹುದು. ಈ ದಾರಿಲಿ ಸಿಗದೇನೂ ಇರಬಹುದು."

"ಆಗಲಿ. ಕಾಡಲ್ಲಿ ಸಣ್ಣ ಅಣಬೆ ಕಂಡ್ರೆ ಕೀಳದೆ, ಎಲೆ ಮುಚ್ಚಿ ಬರ್ತೀವಲ್ಲ, ಇನ್ಯಾರಿಗೋ ಆಗಲಿ ಅಂತ. ಇದೂ ಹಾಗೇ." ನಡುಗುವ ಕೈಯಲ್ಲೇ ಗಂಡನ ತಟ್ಟೆಗೆ ಇನ್ನೊಂದು ಬನ್ನು ಹಾಕಿದಳು. "ನನ್ನ ಕೈಲಿ ಇಷ್ಟಾದ್ರೂ ಆಯ್ತು."

ಓತಕರ್ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡ. ಬನ್ನಿನ ಸಕ್ಕರೆಪುಡಿ ಬಿತ್ತು ಎಂದ.

ಓದುತ್ತಿರುವವರೇ, ನಿಮ್ಮ ಮನೆಯ ಕಂಪ್ಯೂಟರ್ ಈಗ ಏನು ಮಾಡುತ್ತಿದೆ? ನೀವು ಅಡುಗೆಗೋ ಅಂಗಡಿಗೋ ಎದ್ದು ಹೋದಾಗ ಅದು ಯಾರದೋ ಕಾಯಿಲೆಯ ಲೆಕ್ಕ ಮಾಡಬಲ್ಲದು; ನೀವು ಬಂದು ಕೂತಾಗ ಬದಿಗೆ ಸರಿಯುವಂತೆ ಹೊಂದಿಸಬಹುದು. ತಿಳಿದವರನ್ನು ಕೇಳಿ, ನಂಬುವಂಥ ಸಂಸ್ಥೆಯ ಯೋಜನೆ ಆರಿಸಿ, ಸ್ವಲ್ಪದರಿಂದ ಶುರುಮಾಡಿ. ಕಚೇರಿಯ ಕಂಪ್ಯೂಟರಾದರೆ ಒಪ್ಪಿಗೆ ಪಡೆಯಿರಿ. ಒಪ್ಪಿಕೊಂಡ ಲೆಕ್ಕವನ್ನು ನಡುನೀರಿನಲ್ಲಿ ಕೈಬಿಡಬೇಡಿ.

ಓತಕರ್ ಬದಲಾಗಿದ್ದಾನೆಂದು ತಿಳಿಯಬೇಡಿ. ಇಂದಿಗೂ ಮನೆಯಿಂದ ಹೊರಡುವಾಗ ಒಂದೊಂದೇ ದೀಪ ಆರಿಸುತ್ತಾ ಬರುತ್ತಾನೆ. ಕೆಂಪು ಫಲಕದ ಎದುರು ಬಂದಾಗ ಮಾತ್ರ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ನಿಮ್ಮ ಮನೆಯಲ್ಲೂ ಅಂಥದೊಂದು ಫಲಕ ನೇತುಹಾಕಿ.