ಎಡಗಾಲಿನವೆಲ್ಲ ಒಂದು ಕಡೆ

ಎಡಗಾಲಿನವೆಲ್ಲ ಇತ್ತ, ಬಲಗಾಲಿನವೆಲ್ಲ ಅತ್ತ, ಆಹಾ, ಪೊಲೀಸ್ ಪರೇಡಿನಲ್ಲೂ ಇಷ್ಟು ನೆಟ್ಟಗೆ ನಿಲ್ಲಲಿಕ್ಕಿಲ್ಲ, ಅಮೋಗಸಿದ್ಧ ಟೆರಿಕಾಟ್ ಬಟ್ಟೆ ಅಳೆಯುತ್ತಲೇ ಅಂಗಡಿಯ ಮೆಟ್ಟಿಲ ಕಡೆ ಓರೆಗಣ್ಣು ಬಿಡುತ್ತಾನೆ, ಬಿಳಿ ಗಾದಿ ಹತ್ತುವ ಮುಂಚೆ ಗಿರಾಕಿಗಳು ಕಳಚಿಟ್ಟ ಚಪ್ಪಲಿಗಳನ್ನೆಲ್ಲ ತಂಗಿ ಬೀರವ್ವ ಜೋಡಿ ಬಿಡಿಸಿ ಸಾಲು ಹಚ್ಚುತ್ತಿದ್ದಾಳೆ, ದೊಡ್ಡದರಿಂದ ಸಣ್ಣದಕ್ಕೆ, ತನ್ನ ಕೆಂಪು ಪಟ್ಟಿಯವನ್ನು ಮಾತ್ರ ಕಂಕುಳಲ್ಲಿ ಅವುಚಿಕೊಂಡು, ಅವನ್ನು ನೆಲಕ್ಕಿಡುವುದಿಲ್ಲ, ಯಾರಾದರೂ ಮುಟ್ಟಿದರೆ ಕಚ್ಚುತ್ತಾಳೆ — ಹಚ್ಚಲಿ ಬಿಡು, ಇವತ್ತೊಂದು ದಿನ ಕಿರಿಚದಿದ್ದರೆ ಸಾಕು. ಶಾಂತಪ್ಪ ಶೇಠರು ಬಾಗಿಲು ತೆರೆಯುವಾಗಲೇ ಹೇಳಿದ್ದಾರೆ, ನೋಡಪಾ, ರತ್ನಾಬಾಯಿ ಮಾತಿಗೆ ಒಂದಿನ ಕೂಡಿಸ್ಕೋತೀನಿ, ಗದ್ದಲ ಆತಂದ್ರ ನಾಳಿ ಕರಕೊಂಡು ಬರಬ್ಯಾಡ. ಬರಬ್ಯಾಡ ಅಂದರೆ ಎಲ್ಲಿ ಬಿಡಬೇಕು, ಅವ್ವ ಗಿರಣಿಯ ಭೋಂಗಾ ಕೂಗುವ ಮೊದಲೇ ಕೆಲಸಕ್ಕೆ ಹೋಗುತ್ತಾಳೆ, ಉಳಿದದ್ದು ಚಪಳಗಾಂವದ ಅತ್ತೆ ಮಲಕಮ್ಮನ ಮನೆ, ಹೋದ ವರ್ಷ ಅಲ್ಲಿ ಹುಡುಗಿಯನ್ನು ಕರುವಿನ ಗೂಟಕ್ಕೇ ಕಟ್ಟಿದ್ದರು, ಕರಾ ಒದರಲಿಲ್ಲಪಾ, ನಿನ್ನ ತಂಗೀನ ಒದರಿದ್ಲು ಎಂದು ಮಲಕಮ್ಮ ನಕ್ಕಾಗ ಇವನು ಗೂಟ ಕಿತ್ತು ಬಾವಿಗೆ ಒಗೆದು ಬಂದಿದ್ದ, ಕರುವೂ ಓಡಿಹೋಯಿತು, ಅರ್ಧ ಊರು ಅದರ ಹಿಂದೆ ಓಡಿತು, ಓಡಲಿ, ಸಾಯಲಿ, ಆದರೆ ಹೊಸ ಗೂಟ ನೆಟ್ಟಿರುತ್ತಾರೆ, ಗೂಟಕ್ಕೇನು ಬರ.

ರತ್ನಾಬಾಯಿ, ಬೀರವ್ವನಂಥ ಮಕ್ಕಳ ಟ್ರಸ್ಟಿನವಳು, ಕೊಡೆ ಹಿಡಿದು ಮನೆಮನೆ ತಿರುಗುವವಳು, ಎಷ್ಟು ಸಲೀಸಾಗಿ ಹೇಳಿದಳು, ಕಟ್ಟೂದು ಬ್ಯಾಡ, ಬಡಿಯೂದು ಬ್ಯಾಡ, ದೂರ ಕಳಸೂದಂತೂ ಬ್ಯಾಡೇ ಬ್ಯಾಡ, ಆಕಿಗೆ ಸಿಟ್ಟು ಬಂತಂದ್ರ ನೀವು ನೆಲಕ್ಕ ಕೂಡ್ರಿ, ದನಿ ಇಳಸ್ರಿ, ಕೈಯಾಗ ಅರಿವಿ ಅಂಚು ಕೊಡ್ರಿ, ಮನ್ಯಾಗೂ ಹಿಂಗ, ಓಣ್ಯಾಗೂ ಹಿಂಗ, ಅಂಗಡ್ಯಾಗೂ ಹಿಂಗ. ಓಣಿಯವರು ಅದನ್ನೇ ವೇದ ಮಾಡಿಕೊಂಡರು, ನಳದ ಹತ್ತಿರ ಬೀರವ್ವ ಕಂಡಳೆಂದರೆ ಜಗಳಾಡುವ ಹೆಂಗಸರು ಕೊಡ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತು ಪಿಸುದನಿಯಲ್ಲಿ ಬೈದಾಡುತ್ತಾರೆ, ನಿನ್ನ ಮನಿ ಹಾಳಾಗ್ಲಿ, ಸಾವಕಾಶ ವೈನಿ, ಮೊದಲ ನಿಂದ ಆಗ್ಲಿ — ನಾಲ್ಕನೇ ಇಯತ್ತೆಯಲ್ಲಿ ತಾನು ಮಾಸ್ತರರ ಮೇಲೆ ಪಾಟಿ ಒಗೆದಾಗ ಯಾವ ಬಾಯಿ ಕೊಡೆ ಹಿಡಿದು ಬಂದಿದ್ದಳು, ಬಂದದ್ದು ಬೆತ್ತ, ಬೆತ್ತದ ಹಿಂದೆ ಈ ಕಬ್ಬಿಣದ ಗಜ, ಅಳೆ, ಕತ್ತರಿಸು, ಸುತ್ತು, ಬರ್ರಿ ಅನ್ನು, ಕೂಡ್ರಿ ಅನ್ನು, ಹಲ್ಲು ಕಿರಿ, ಮತ್ತೆ ಅಳೆ — ಯಾರದು ಒದರುತ್ತಿರುವುದು? ಬೀರವ್ವ ಅಲ್ಲ, ದೇವರು ದೊಡ್ಡವನು, ಅಲ್ಲ, ಮರವಡೆ ಊರಿನ ತುಕಾರಾಮ, ಮುಂಜಾನೆ ಶರ್ಟಿನ ಬಟ್ಟೆ ಒಯ್ದವನು, ಮೆಟ್ಟಿಲ ಮೇಲೆ ನಿಂತಿದ್ದಾನೆ, ಎರಡೂ ಕಾಲಿಗೆ ಎಡಗಾಲಿನವೇ. ಶೇಠ, ಏನ್ರಿ ಇದು, ಯಸ್ಟಿ ಬಸ್ ಸ್ಟ್ಯಾಂಡ್ ತನಕ ಹೋದೆ, ಬಲಗಾಲು ಮಾತ ಕೇಳವಲ್ದು, ಯಾರೋ ಮಾಟಾ ಮಾಡ್ಯಾರಂತ ಮಾರುತಿಗೆ ಟೆಂಗಿನಕಾಯಿ ಒಡದೆ, ಪೂಜಾರಿ ನೋಡಿ ನಕ್ಕಾ, ಯಾವ ಹುಚ್ಚೀ ಇದನ್ನ ಮಾಡಿದಾಕಿ?

ಹುಚ್ಚೀ. ಗಜ ತಾನಾಗಿಯೇ ಮೇಲೆದ್ದಿತು, ಕಿವಿಯಲ್ಲಿ ಗಿರಣಿಯ ಭೋಂಗಾ, ಇಳಿಸು ಗಜಾ ಎಂದು ಶೇಠರು ಎದ್ದು ನಿಂತರು, ಆಯಿತು, ಮುಗಿಯಿತು, ಕಿರಿಚದವಳ ದಿನವನ್ನು ಅಣ್ಣನೇ ಕೆಡಿಸಿದ, ನಾಳೆ ಚಪಳಗಾಂವ, ನಾಳೆ ಗೂಟ, ಆದರೂ ಕೈ ಇಳಿಯುವುದಿಲ್ಲ — ಆಗ ಪ್ಯಾಂಟಿನ ಕಾಲು ಹಿಡಿದು ಯಾರೋ ಕೆಳಗೆ ಜಗ್ಗಿದರು. ಬೀರವ್ವ. ನೆಲಕ್ಕೆ ಕೂತಿದ್ದಾಳೆ. ಸಾವಕಾಶ, ಅಂದಳು, ಅವಳ ಬಾಯಲ್ಲಿ ಆ ಮಾತು ಅವನು ಕೇಳಿದ್ದೇ ಇಲ್ಲ, ಥೇಟ್ ರತ್ನಾಬಾಯಿಯ ದನಿ, ಗಾದಿಯ ಮೇಲೆ ಬಿಚ್ಚಿದ್ದ ಧೋತರದ ಅಂಚನ್ನು ಅವನ ಮುಷ್ಟಿಗೆ ತುರುಕಿದಳು, ಮೊಣಕಾಲು ಯಾವಾಗ ಮಡಚಿತೋ ಗೊತ್ತಿಲ್ಲ, ಇನ್ನೊಂದು ಅಂಚು ತುಕಾರಾಮನಿಗೆ, ಅವನೂ ಕಚ್ಚಿಸಿಕೊಳ್ಳುವ ಭಯಕ್ಕೆ ದಪ್ಪನೆ ಕೂತ. ಒಂದೇ ಧೋತರದ ಎರಡು ತುದಿಗೆ ಇಬ್ಬರು ಗಂಡಸರು, ಬೀಗರ ಹಾಗೆ. ತುಕಾರಾಮನ ಬೆರಳು ಚಟದಿಂದ ಅಂಚನ್ನು ತಿಕ್ಕಿ ನೋಡತೊಡಗಿತು, ಬಟ್ಟಿ ಛಲೋ ಐತ್ರಿ ಶೇಠ, ಮುಂಜಾನಿ ಇದನ್ಯಾಕ ತೋರಸ್ಲಿಲ್ಲ? ಗಾದಿಯೆಲ್ಲ ನಕ್ಕಿತು, ಶೇಠರು ಹೊಟ್ಟೆ ಹಿಡಿದುಕೊಂಡು ಕೂತರು, ನಾಳಿಂದ ಹುಡುಗಿ ದಿನಾ ಬರ್ಲಿ, ಅಮೋಗಸಿದ್ಧ, ನಿನಗೇನ್ ಮಾಡೂದಂತ ರತ್ನಾಬಾಯಿಗೆ ಕೇಳ್ತೀನಿ.

ದಿನಾ ಬರ್ಲಿ. ಅಮೋಗಸಿದ್ಧ ತನ್ನ ಸಿಟ್ಟನ್ನು ಹುಡುಕುತ್ತಾನೆ, ಇಲ್ಲೇ ಇತ್ತು, ನಗುವವರ ಮೇಲೆ ಒಗೆಯಬೇಕಿತ್ತು, ಪಾಟಿ ಒಗೆದ ಹಾಗೆ, ಗೂಟ ಒಗೆದ ಹಾಗೆ, ಕೈಯಲ್ಲಿ ನೋಡಿದರೆ ಬರೀ ಅಂಚು, ಬೀರವ್ವನ ಕಂಕುಳು ಖಾಲಿ, ಖಾಲಿ ಯಾಕೆ, ಯಾರು ಒಯ್ದರು, ಯಾವ ಮಗ — ಮೆಟ್ಟಿಲ ಕಡೆ ನೋಡುತ್ತಾನೆ, ಎಡಗಾಲಿನವೆಲ್ಲ ಇತ್ತ, ದೊಡ್ಡದರಿಂದ ಸಣ್ಣದಕ್ಕೆ, ಆದರೆ ಕೊನೆಯಲ್ಲಿ ಲೆಕ್ಕ ತಪ್ಪಿದೆ, ಅಷ್ಟು ದೊಡ್ಡದು ಅಲ್ಲಿ ಬರಬಾರದು, ಅದು ಅವನದೇ, ಹೆಬ್ಬೆರಳು ತೂರಿಸುವ ಉಂಗುಷ್ಠ ಹರಿದದ್ದು, ಅದಕ್ಕೆ ಒತ್ತಿಕೊಂಡು ಕೆಂಪು ಪಟ್ಟಿಯದು, ಎಡಗಾಲಿನದು, ನೆಲದ ಮೇಲೆ, ಕೆಂಪು ಪಟ್ಟಿಯದು —