ಕೆಂಪು ಪೆನ್ಸಿಲಿನ ಚುಕ್ಕೆ

“ಕೈ ಸ್ವಲ್ಪ ಒಳಗೆ ತಗೊಳ್ಳಿ, ಪೆಟ್ಟಿಗೆ ಮುಚ್ಚಳ ಕೂರ್ತಿಲ್ಲ,” ಎಂದ ಹೆಣದ ವ್ಯಾನಿನ ಚಾಲಕ.

ಸತ್ತವರ ಬಲಗೈಯ ಎರಡು ಬೆರಳು ರಕ್ತದ ಕೊಳವೆ ಹಿಡಿದಂತೆಯೇ ಸೆಟೆದು ನಿಂತಿದ್ದವು. ಹೆಂಡತಿ ಅವನ್ನು ಒತ್ತಿ ಮಡಚಿದಳು.

“ಕೊನೇವರೆಗೂ ಕೆಲಸ ಬಿಡ್ಲಿಲ್ಲ ನೋಡಿ ನಮ್ಮ ಗೆರೆರಾಯರು,” ಎಂದ ಲ್ಯಾಬಿನ ಗುಮಾಸ್ತ. ಪಕ್ಕದವರಿಬ್ಬರು ನಕ್ಕು, ಮಗಳನ್ನು ಕಂಡು ಆ ನಗೆಯನ್ನು ಕೆಮ್ಮು ಮಾಡಿಕೊಂಡರು.

ಆ ಹೆಸರಿಟ್ಟವರು ಕುದುರೆ ಲಾಯದವರು. ಮೂವತ್ತೊಂದು ವರ್ಷ ರಾಯರು ಮಾಡಿದ್ದು ಒಂದೇ ಕೆಲಸ. ಗುಂಡನೆಯ ಜೆಲ್ಲಿ ತಟ್ಟೆಯ ನಡುಗುಂಡಿಗೆ ಪರೀಕ್ಷೆಯ ದ್ರವ, ಸುತ್ತಲಿನ ಗುಂಡಿಗಳಿಗೆ ಒಂದೊಂದು ಕುದುರೆಯ ರಕ್ತದ ತಿಳಿ. ಎರಡು ದಿನ ಬಿಟ್ಟು ದೀಪಕ್ಕೆ ಹಿಡಿದರೆ, ರೋಗದ ರಕ್ತದೆದುರು ಕೂದಲಿನಷ್ಟು ಬಿಳಿ ಗೆರೆ. ರೋಗಕ್ಕೆ ಮದ್ದಿಲ್ಲ, ಗೆರೆ ಬಂದ ಕುದುರೆಗೆ ಗುಂಡು.

“ಮೂವತ್ತೊಂದು ವರ್ಷ, ಒಂದೇ ಒಂದು ತಪ್ಪಿಲ್ಲ,” ಎಂದರು ದೊಡ್ಡ ಡಾಕ್ಟರು, ಲ್ಯಾಬಿನ ಮುಖ್ಯಸ್ಥರು. ಮಗಳತ್ತ ತಿರುಗಿ, “ಅಪ್ಪನ ಜಾಗಕ್ಕೆ ನಿನ್ನ ಆರ್ಡರ್‌ಗೆ ಸೋಮವಾರ ಸೈನ್ ಹಾಕ್ತೀನಮ್ಮಾ,” ಎಂದರು. ಆಮೇಲೆ ಚಾಲಕನ ಗುರುತು ಹತ್ತಿತು. “ಓಹೋ, ಸೂಜಿ ಮಹಾರಾಜ! ಇಲ್ಲೇನೂ ಚುಚ್ಚೋ ಕೆಲಸ ಇಲ್ಲ ತಾನೇ?”

“ಇಲ್ಲ ಸಾರ್. ಬರೀ ಸ್ಕ್ರೂ.”

*

ಹನ್ನೊಂದು ವರ್ಷದ ಹಿಂದೆ ಈ ಚಾಲಕ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ. ತಟ್ಟೆ ಗುಂಡಗಿರುವುದರಿಂದ ಮೊದಲ ಗುಂಡಿ ಯಾವುದೆಂದು ತಿಳಿಯಲು ಅಂಚಿಗೆ ಕೆಂಪು ಪೆನ್ಸಿಲಿನ ಚುಕ್ಕೆ ಇಡಬೇಕು. ಅಂದು ಟೀ ಬಂತು, ರಾಯರಿಗೆ ಚುಕ್ಕೆ ಮರೆತುಹೋಯಿತು. ಮೂರನೆಯ ದಿನ ಗೆರೆ ಇತ್ತು. ಯಾರ ಗೆರೆಯೆಂದು ತಟ್ಟೆ ಹೇಳಲಿಲ್ಲ. ರಾಯರು ಅಂದಾಜು ಹಾಕಿದರು.

ಅವನ ಕಂದು ಹೆಣ್ಣುಕುದುರೆಯನ್ನು ಲಾಯದ ಹಿಂದೆ ಕೊಂದಾಗ ಹಗ್ಗ ಹಿಡಿದವನೂ ಅವನೇ. ಬೇರೆಯವರು ಹಿಡಿದರೆ ಅದು ನಿಲ್ಲುತ್ತಿರಲಿಲ್ಲ.

ಮನಸ್ಸು ತಡೆಯದೆ ರಾಯರು ಉಳಿದ ರಕ್ತವನ್ನು ಮತ್ತೆ ಪರೀಕ್ಷಿಸಿದರು. ಗೆರೆ ಪಕ್ಕದ ಗಂಡುಕುದುರೆಯದು. ಅದನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಓಡಿದರು.

“ಸತ್ತಿದ್ದು ಎದ್ದು ಬರುತ್ತೇನ್ರೀ? ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆಯಲ್ಲ, ಆಗ ಸಿಗಲಿ ಬಿಡಿ.”

ಆಗ ಸಿಕ್ಕಿತು, ಗಂಡುಕುದುರೆಯ ಗೆರೆ. ಎರಡು ಕುದುರೆಗೂ ಒಂದೇ ಸೂಜಿ ಚುಚ್ಚಿ ರೋಗ ಹಬ್ಬಿಸಿದನೆಂದು ಲಾಯದವರು ಈ ಚಾಲಕನನ್ನು ಓಡಿಸಿದರು. ಮುಂದೆ ಯಾವ ಲಾಯವೂ ಇವನನ್ನು ಗೇಟಿನೊಳಗೆ ಬಿಡಲಿಲ್ಲ.

ಹೋದ ವಾರ ರಾಯರು ಆ ಚೀಟಿಯನ್ನು ಹೆಂಡತಿಯ ಕೈಗಿತ್ತು, “ನಾನು ಹೋದ್ಮೇಲೆ ಅವನಿಗೆ ಕೊಟ್ಟುಬಿಡು,” ಎಂದಿದ್ದರು. ಧೈರ್ಯ ಬೇಕಾದ ಕೆಲಸಗಳನ್ನೆಲ್ಲ ಅವರು ಅವಳಿಗೇ ಬಿಡುತ್ತಿದ್ದರು.

*

ಜನ ಹೊರಗೆ ಸರಿದ ಮೇಲೆ ಚಾಲಕ ದನಿ ತಗ್ಗಿಸಿದ. “ಅಮ್ಮಾ, ಒಂದು ಮಾತು. ನನ್ನ ಕುದುರೆ ವಿಷ್ಯ ಸಾಹೇಬ್ರು ಯಾವತ್ತಾದ್ರೂ ಏನಾದ್ರೂ ಹೇಳಿದ್ರಾ? ನಾನು ಸೂಜಿ ಬದಲಾಯಿಸ್ದೇ ಇದ್ದ ದಿನ ಇಲ್ಲಮ್ಮಾ. ನನ್ನ ಹೆಂಡ್ತೀನೇ ನಂಬಲ್ಲ.”

ಚೀಟಿ ಅವಳ ಮುಷ್ಟಿಯಲ್ಲೇ ಇತ್ತು. ಬಾಗಿಲಾಚೆ ದೊಡ್ಡ ಡಾಕ್ಟರು ಮಗಳ ತಲೆ ಸವರುತ್ತಿದ್ದರು.

“ಇಲ್ಲಪ್ಪಾ. ಏನೂ ಹೇಳ್ಲಿಲ್ಲ.”

“ಹೋಗ್ಲಿ ಬಿಡಿ. ಎಲ್ಲೋ ನಂದೇ ಕೈ ತಪ್ಪಿರ್ಬೇಕು.”

ಅವಳು ಅಂಗಿ ಸರಿಪಡಿಸುವವಳಂತೆ ಬಾಗಿ, ಚೀಟಿಯನ್ನು ಗಂಡನ ಜೇಬಿಗೆ ತುರುಕಿದಳು. “ಮುಚ್ಚಪ್ಪಾ.”

ಅವನು ಮುಚ್ಚಳ ಕೂರಿಸಿ ಸ್ಕ್ರೂಗಳನ್ನು ಒಂದೊಂದಾಗಿ ಬಿಗಿದ. ಆಮೇಲೆ ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲು ತೆಗೆದು, ತಲೆಯ ಕಡೆಯ ಅಂಚಿಗೆ ಒಂದು ಚುಕ್ಕೆ ಇಟ್ಟ.

“ಅದೇನದು?”

“ಪೆಟ್ಟಿಗೆ ಎರಡೂ ಕಡೆ ಒಂದೇ ಥರ ಅಲ್ವಾ ಅಮ್ಮಾ. ಹೊರೋವಾಗ ತಿರುಗಿಬಿಟ್ರೆ ತಲೆ ಯಾವ್ದು, ಕಾಲು ಯಾವ್ದು ಗೊತ್ತಾಗಲ್ಲ. ಇದೊಂದು ನಾನು ಮರೆಯಲ್ಲ,” ಎಂದು, ಚುಕ್ಕೆ ಎದ್ದು ಕಾಣುವಂತೆ ಇನ್ನೊಮ್ಮೆ ಒತ್ತಿ ತೀಡಿದ.